ಫೋಟೊಗಾಗಿ ಅಜ್ಜಿಯ ಸೀರೆ ಬದಲಿಸಬೇಡಿ

ಕುಟುಂಬದ ಫೋಟೊ ತೆಗೆಸಲು ಫೋನ್ ಮಾಡುವವರು ಈಚೆಗೆ ದಿನ, ದರ ಕೇಳುವ ಮೊದಲೇ ‘ಸರ್, ಕಲರ್ ಕೋಡ್ ಏನಿಡೋಣ?’ ಎನ್ನುತ್ತಾರೆ. ಅಷ್ಟರೊಳಗೆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆ ನಡೆದು, ಗಂಡಸರಿಗೆಲ್ಲ ಬಿಳಿ ಕುರ್ತಾ, ಹೆಂಗಸರಿಗೆ ತಿಳಿ ಗುಲಾಬಿ ಎಂದೋ, ಎಲ್ಲರಿಗೂ ಕೆನೆ ಬಣ್ಣ ಎಂದೋ ಅರ್ಧ ತೀರ್ಮಾನವಾಗಿರುತ್ತದೆ. ಅಪ್ಪ, ಅಮ್ಮ, ಮಗು ಮೂವರಿಗೂ ಒಂದೇ ಥಾನಿನಲ್ಲಿ ಹೊಲಿದ ಸೆಟ್ಟುಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಶುರುಮಾಡಿದ ಸ್ಟುಡಿಯೊವನ್ನು ಈಗ ನಾನು ನಡೆಸುತ್ತಿದ್ದೇನೆ. ಕಲರ್ ಕೋಡಿನ ಪ್ರಶ್ನೆಗೆ ನನ್ನ ಉತ್ತರ ಒಂದೇ: ಕೋಡ್ ಬೇಡ. ಮನೆಯ ಹಿರಿಯರಿಗೆ ಏನು ಉಡುವ ಮನಸ್ಸಿದೆ ಎಂದು ಮೊದಲು ಕೇಳಿಕೊಂಡು ಬನ್ನಿ.

ಬಣ್ಣಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ, ಆದರೆ ಫೋಟೊದಲ್ಲಿ ಮೊದಲು ಕೈಕೊಡುವುದೇ ಬಣ್ಣ. ಹಳೆಯ ಗಾಜಿನ ನೆಗೆಟಿವ್‌ಗಳಲ್ಲಿ ಬಹಳಷ್ಟು ಆರ್ಥೊಕ್ರೊಮ್ಯಾಟಿಕ್ ಜಾತಿಯವು. ನೀಲಿ, ಹಸಿರು ಬೆಳಕು ಅವಕ್ಕೆ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಹಾಗಾಗಿ ಕೆಂಪು ಸೀರೆ ಕಪ್ಪಾಗಿ, ಹಣೆಯ ಕುಂಕುಮ ಕರಿ ಬೊಟ್ಟಾಗಿ, ತಿಳಿನೀಲಿ ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗಿ ಮೂಡುತ್ತಿತ್ತು. ಗೋಡೆಯ ಮೇಲಿನ ಮುತ್ತಜ್ಜಿ ಉಟ್ಟಿದ್ದು ಕಪ್ಪು ಸೀರೆ ಎಂದು ನೀವು ಇಷ್ಟು ವರ್ಷ ನಂಬಿದ್ದರೆ, ಅದು ದಾಳಿಂಬೆ ಕೆಂಪಿನದೂ ಆಗಿರಬಹುದು. ಕಲರ್ ಫಿಲ್ಮ್ ಬಂದ ಮೇಲೂ ಕಥೆ ಬಹಳ ಬದಲಾಗಲಿಲ್ಲ. 1970–80ರ ದಶಕದ ಮದುವೆ ಆಲ್ಬಮ್‌ಗಳನ್ನು ಸರಿಮಾಡಿಸಲು ಜನ ನನ್ನ ಬಳಿ ತರುತ್ತಾರೆ. ಕಪಾಟಿನ ಕತ್ತಲಲ್ಲೇ ಇದ್ದರೂ ಆ ಕಾಗದದ ಸಯಾನ್ ಎಂಬ ಹಸಿರುನೀಲಿ ಬಣ್ಣ ಮಾಸಿ, ಮಂಟಪ, ಮದುಮಗ, ಮಾವಿನ ತೋರಣ ಎಲ್ಲವೂ ಕೆಂಪಡರಿರುತ್ತವೆ. ಕಂಪ್ಯೂಟರ್‌ನಲ್ಲಿ ಕೂತು ತೋರಣವನ್ನು ಮತ್ತೆ ಹಸಿರು ಮಾಡಬಲ್ಲೆ. ಆದರೆ ಮದುಮಗಳ ಸೀರೆ ಗಿಳಿಹಸಿರೋ ನವಿಲುಬಣ್ಣವೋ ಎಂದು ಹೇಳಲು ಆಕೆಯೇ ಬಂದು ಪಕ್ಕದಲ್ಲಿ ಕೂರಬೇಕು.

ನೇಯ್ಗೆ ಹಾಗಲ್ಲ. ಬಣ್ಣ ಪೂರ್ತಿ ಹೋದ ಚಿತ್ರದಲ್ಲೂ ಇಳಕಲ್ ಸೀರೆಯ ಸೆರಗು ತನ್ನ ಗುರುತನ್ನು ತಾನೇ ಹೇಳುತ್ತದೆ. ಗೋಪುರದ ಹಾಗೆ ಮೇಲೇರುವ ತೋಪತೆನಿ, ದಡಿಯ ಗೋಮಿ ಅಥವಾ ಚಿಕ್ಕಿ ಪರಾಸ, ಒಡಲಿಗೂ ಸೆರಗಿಗೂ ನಡುವಿನ ಕೂಡು, ಎಲ್ಲವೂ ಕಪ್ಪು ಬಿಳುಪಿನಲ್ಲಿ ನಿಚ್ಚಳ. ಆ ಕೂಡಿನ ಕೆಲಸ ನೋಡಿದವರಿಗೆ ಗೊತ್ತು: ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ, ನೇಯುವುದು ಆಮೇಲೆ. ಕುಪ್ಪಸ ಗುಳೇದಗುಡ್ಡದ ಖಣದ್ದೇ ಎಂಬುದು ತೋಳಿನ ಅಂಚಿನಿಂದ ತಿಳಿಯುತ್ತದೆ. ಕಸೂತಿ ಹಾಕಿದ ಸೀರೆಯಾದರೆ ಭೂತಗನ್ನಡಿ ಹಿಡಿದು ಗವಂತಿ ಯಾವುದು, ಮುರ್ಗಿ ಯಾವುದು ಎಂದು ಹೊಲಿಗೆಯನ್ನೇ ಗುರುತಿಸಬಹುದು. ಉಡುವ ಬಗೆಯೂ ಉಳಿಯುತ್ತದೆ. ಕಚ್ಚೆ ಹಾಕಿದವಳು ಯಾರು, ಕೊಡಗಿನ ಸೊಸೆಯಾಗಿ ನೆರಿಗೆಯನ್ನು ಬೆನ್ನಿನ ಕಡೆ ಹಿಡಿದವಳು ಯಾರು, ಯಾವ ಅಜ್ಜ ರುಮಾಲು ಸುತ್ತುತ್ತಿದ್ದ, ಯಾವನು ಗಾಂಧಿ ಟೋಪಿಗೆ ಬದಲಾದ ಎಂಬುದೆಲ್ಲ ಆ ಒಂದು ಚೌಕಟ್ಟಿನಲ್ಲಿ ಇರುತ್ತದೆ. ಹೀಗೆ ಉಳಿಯುವುದನ್ನೆಲ್ಲ ಬದಿಗೆ ಸರಿಸಿ, ಎಲ್ಲಕ್ಕಿಂತ ಮೊದಲು ಅಳಿಯುವ ಬಣ್ಣಕ್ಕಾಗಿ ನಾವು ಎಲ್ಲರ ಬಟ್ಟೆ ಬದಲಿಸುತ್ತಿದ್ದೇವೆ.

ಬದಲಿಸುವ ಸರದಿ ಬಂದಾಗ ಅದು ಮೊದಲು ಮುಟ್ಟುವುದು ಮನೆಯ ಮುದುಕಿಯನ್ನು. ಟ್ರಂಕಿನಿಂದ ತೆಗೆದು, ಮಡಿಕೆಯ ಗೆರೆ ಕಾಣದಂತೆ ಹಾಸಿಗೆಯ ಕೆಳಗಿಟ್ಟು ಒತ್ತಿ, ಉಟ್ಟು ಬಂದ ಸೀರೆ ಆಕೆಯದು. ಮೊಮ್ಮಗಳು ಸ್ಟುಡಿಯೊದ ಬಾಗಿಲಲ್ಲೇ ‘ಅಜ್ಜಿ, ಇದು ಮ್ಯಾಚ್ ಆಗೂದಿಲ್ಲ’ ಎಂದು ಪಾಲಿಸ್ಟರ್ ಸೀರೆಯ ಹೊಸ ಪ್ಯಾಕೆಟ್ ಮುಂದೆ ಹಿಡಿಯುತ್ತಾಳೆ. ‘ಹೊಸಾದು ನನಗ ಜಾರತೈತಿ ತಂಗಿ’ ಎನ್ನುತ್ತಲೇ ಅಜ್ಜಿ ಬದಲಿಸುವ ಕೋಣೆಗೆ ಹೋಗುತ್ತಾಳೆ. ಆ ಮಾತು ಪೂರಾ ನಿಜ. ಆಮೇಲಿನ ಪ್ರತಿ ಫೋಟೊದಲ್ಲೂ ಆಕೆಯ ಒಂದು ಕೈ ಸೆರಗು ಹಿಡಿದುಕೊಂಡೇ ಇರುತ್ತದೆ, ಮುಖ ಬಿಗಿದೇ ಇರುತ್ತದೆ. ಈಗ ಇಂಥ ಹೊತ್ತಿನಲ್ಲಿ ನಾನು ನಡುವೆ ಮಾತಾಡುತ್ತೇನೆ. ಗಿರಾಕಿಯ ಮನೆ ವಿಚಾರದಲ್ಲಿ ಫೋಟೊಗ್ರಾಫರ್ ಬಾಯಿ ಹಾಕಬಾರದು ಎಂದು ನಮ್ಮ ಕಸುಬಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಫೋಟೊ ನಾಳೆ ಹಾರ ಹಾಕಿ ಗೋಡೆಗೆ ತೂಗುವ ಆಕೆಯ ಫೋಟೊ ಆಗಬಹುದು ಎಂಬುದು ನನಗೆ ಗೊತ್ತಿರುವಾಗ ಸುಮ್ಮನಿರುವುದು ಸರಿಯಲ್ಲ.

ಲಂಬಾಣಿ ತಾಂಡಾದಿಂದ ಬರುವ ಕುಟುಂಬಗಳಲ್ಲಿ ಇದು ಇನ್ನೂ ನೋಯಿಸುತ್ತದೆ. ಕಾಲೇಜು ಓದಿದ ಮಗ ತಾಯಿಗೆ ಫೇಟಿಯಾ ಲಂಗ, ಕಾಂಚಳಿ ಕುಪ್ಪಸ ಬೇಡ, ಸೀರೆ ಉಟ್ಟುಕೋ ಎನ್ನುತ್ತಾನೆ. ಕನ್ನಡಿ, ಕವಡೆ, ಬಣ್ಣದ ಚೂರುಗಳನ್ನು ಕೂಡಿಸಿ ಆ ಕಾಂಚಳಿಯನ್ನು ಹೊಲಿದವಳು ಆ ತಾಯಿಯೇ ಆಗಿರುತ್ತಾಳೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಪಟ್ಟಣದ ಅಂಗಡಿಗಳಲ್ಲಿ ಅದರ ಒಂದು ಚೀಲಕ್ಕೆ ಒಳ್ಳೆಯ ಬೆಲೆ ಇದೆ. ಅದನ್ನು ಮೈಮೇಲೆ ತೊಟ್ಟ ಹೆಂಗಸಿಗೆ ಮಾತ್ರ ಸ್ವಂತ ಮನೆಯ ಫೋಟೊದಲ್ಲಿ ಸಂಕೋಚ. ಪೇಟೆಯಲ್ಲಿ, ಬಸ್ಸಿನಲ್ಲಿ ಆ ಹುಡುಗ ಏನೇನು ಕೇಳಿಸಿಕೊಂಡಿರಬಹುದು ಎಂಬ ಅಂದಾಜು ನನಗಿದೆ, ಅವನ ಮೇಲೆ ಸಿಟ್ಟಿಲ್ಲ. ತಾಯಿ ತನ್ನ ಬಟ್ಟೆಯಲ್ಲೇ ನಿಂತ ಒಂದಾದರೂ ಚಿತ್ರ ತೆಗೆಯೋಣ ಎಂದು ಕೇಳಿಕೊಳ್ಳುತ್ತೇನೆ. ಬಹಳ ಸಲ ಮನೆಯವರು ಕೊನೆಗೆ ದೊಡ್ಡದು ಮಾಡಿಸುವುದು ಅದನ್ನೇ.

ಗಂಡ ಸತ್ತ ಹೆಂಗಸರ ಮಾತು ಬೇರೆ. ಅವರಿಗೆ ಕಲರ್ ಕೋಡ್ ಎಂದೋ ಬರೆದಿಟ್ಟಾಗಿದೆ: ತಿಳಿ ಬಣ್ಣ, ಕೊನೆಯ ಸಾಲು. ಹಸಿರು ಸೀರೆ ಉಡುವ ಆಸೆ ಇದ್ದವರು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅಂಥವರಿಗೆ ನಡುವಿನ ಕುರ್ಚಿ ಕೊಡಿ, ಬೇಕಾದ್ದನ್ನು ಉಡಲು ಬಿಡಿ. ಯಾವ ಬಂಧು ಗೊಣಗಿದರೂ ಸರಿ.

ಹಿಂದೆಯೂ ಜನ ಫೋಟೊಗಾಗಿ ಇಲ್ಲದ ವೇಷ ಹಾಕುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹಾಕುತ್ತಿದ್ದರು. ನಮ್ಮ ಸ್ಟುಡಿಯೊದ ಕನ್ನಡಿಯ ಪಕ್ಕದ ಮೊಳೆಗೆ ಒಂದು ಕೋಟು, ಗಂಟು ಬಿಚ್ಚದ ಒಂದು ಟೈ ತೂಗುತ್ತಿತ್ತು, ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ. ಹಳ್ಳಿಯಿಂದ ಬಂದ ಹುಡುಗರು ಆ ಕೋಟಿನೊಳಗೆ ತೂರಿಕೊಂಡು ನಿಲ್ಲುತ್ತಿದ್ದರು. ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿಯರ ಹಿಂದೆ ಕನ್ನಡಿ ಇಟ್ಟು, ಮುಖ ಜಡೆ ಎರಡೂ ಕಾಣುವಂತೆ ಅಪ್ಪ ತೆಗೆಯುತ್ತಿದ್ದ. ಕುಬಸದ ದಿನ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಇದ್ದೇ ಇರುತ್ತಿತ್ತು. ಆದರೆ ಆ ಕೋಟು ಹಾಕಿದವನು ಆ ಕೋಟಿನ ಬದುಕನ್ನು ಬಯಸಿದ್ದ, ಅದು ಅವನ ಆಸೆಯ ಚಿತ್ರ. ಜಡೆಯ ಹುಡುಗಿಗೆ ಆ ದಿನ ಅವಳೊಬ್ಬಳದೇ. ಈಗಿನ ಸೆಟ್ಟು ಬಟ್ಟೆ ಯಾರೊಬ್ಬರ ಆಸೆಯೂ ಅಲ್ಲ, ಮೊಬೈಲಿನಲ್ಲಿ ಕಂಡ ಬೇರೆ ಯಾರದೋ ಫೋಟೊದ್ದು.

ಆ ಬೇರೆಯವರ ಫೋಟೊ ಬಹಳ ಸಲ ಬೇರೆ ದೇಶದ್ದು. ಕೆನೆ, ಮರಳು, ಬೂದಿ ಬಣ್ಣಗಳು ಅಲ್ಲಿನ ಬಿಳಿ ಮೈಗೆ, ಅಲ್ಲಿನ ಮಂದ ಬೆಳಕಿಗೆ ಒಪ್ಪುತ್ತವೆ. ಕೊಡಾಕ್ ಕಂಪನಿ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಗಳಿಗೆ ‘ಶರ್ಲಿ ಕಾರ್ಡ್’ ಎನ್ನುತ್ತಿದ್ದರು. ದಶಕಗಳ ಕಾಲ ಅವುಗಳಲ್ಲಿದ್ದದ್ದು ಬಿಳಿ ಹೆಂಗಸಿನ ಮುಖ, ಕಪ್ಪು ಮೈಯವರು ಅದೇ ಅಳತೆಯಲ್ಲಿ ಮಂಕಾಗಿ ಬರುತ್ತಿದ್ದರು. ಇಂದಿನ ಕ್ಯಾಮೆರಾ ಎಷ್ಟೋ ಸುಧಾರಿಸಿದೆ. ಆ ಅಳತೆಯನ್ನು ಬಟ್ಟೆಯ ಮೂಲಕ ನಾವೇ ಮತ್ತೆ ತಂದುಕೊಳ್ಳುವುದೇಕೆ? ಎಣ್ಣೆಗಪ್ಪು ಮುಖದ ಪಕ್ಕ ಅರಿಷಿಣ, ನೇರಳೆ, ಇಟ್ಟಂಗಿ ಕೆಂಪು, ಕರಿಹಸಿರು ಇಟ್ಟು ನೋಡಿ, ಮುಖ ಬೆಳಗುತ್ತದೆ.

ಹಾಗಾದರೆ ಹೇಗೆ ಆರಿಸಬೇಕು? ಹಿರಿಯರ ಬಟ್ಟೆ ಮೊದಲು ನಿಕ್ಕಿಯಾಗಲಿ. ಆ ಸೀರೆಯ ದಡಿಯಲ್ಲೋ ಸೆರಗಿನಲ್ಲೋ ಇರುವ ಒಂದೆರಡು ಬಣ್ಣ ಹಿಡಿದು, ಉಳಿದವರು ತಮ್ಮ ಕಪಾಟಿನಲ್ಲಿ ಇರುವುದರಲ್ಲೇ ಹತ್ತಿರದ್ದನ್ನು ಹುಡುಕಲಿ. ಒಂದು ಮನೆಯವರು ಎಂದು ಕಾಣಲು ಅಷ್ಟು ಸಾಕು. ತೀರಾ ಸಣ್ಣ ಚೌಕಳಿಯ, ಒತ್ತು ಗೆರೆಯ ಅಂಗಿ ಡಿಜಿಟಲ್ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣಬಹುದು, ಅದನ್ನು ಬಿಡಿ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಬಣ್ಣದ ಟೀ ಶರ್ಟ್ ತನ್ನ ಛಾಯೆಯನ್ನು ಗದ್ದದ ಕೆಳಗೆ ಬಳಿಯುತ್ತದೆ, ಅದೂ ಬೇಡ. ಜರಿ ಸೀರೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ನೇಯ್ಗೆ ಸುಟ್ಟು ಬಿಳಿಚುತ್ತದೆ, ಕಿಟಕಿಯ ಪಕ್ಕದ ಬೆಳಕು ಕೇಳಿ ಪಡೆಯಿರಿ. ಅಜ್ಜನ ಬಿಳಿ ಧೋತರ, ನೆಹರೂ ಶರ್ಟು ಬಿಸಿಲಿಗಿಂತ ನೆರಳಿನಲ್ಲಿ ಚೆನ್ನ. ಅವರ ಕನ್ನಡಕ ಬಿಸಿಲಿಗೆ ಕಪ್ಪಾಗುವ ಜಾತಿಯದಾದರೆ ಕೆಲವು ನಿಮಿಷ ಮೊದಲೇ ಒಳಗೆ ಕೂರಿಸಿ, ಇಲ್ಲದಿದ್ದರೆ ಕಣ್ಣೇ ಸಿಗುವುದಿಲ್ಲ. ಕನ್ನಡಕ ತೆಗೆಸಬೇಡಿ, ಅದಿಲ್ಲದ ಮುಖ ಮೊಮ್ಮಕ್ಕಳಿಗೆ ಗುರುತೇ ಇರುವುದಿಲ್ಲ.

ಮಕ್ಕಳಿಗೆ ಒಂದು ಸಲವಾದರೂ ತೊಳೆದ ಬಟ್ಟೆ ಹಾಕಿ. ಜರಿ ಕಾಲರ್ ಕೊರಳಿಗೆ ಚುಚ್ಚುವ ಮಗು ಕ್ಯಾಮೆರಾ ನೋಡುವುದಿಲ್ಲ, ಕೊರಳು ಕೆರೆದುಕೊಳ್ಳುತ್ತದೆ. ಅದಕ್ಕೆ ತನ್ನ ಹಳೆಯ ಕೆಂಪು ಬೂಟೇ ಬೇಕೆಂದರೆ ಅದೇ ಇರಲಿ.

ಎಲ್ಲ ಮುಗಿದ ಮೇಲೆ ಒಂದು ಚಿತ್ರವನ್ನಾದರೂ ಕಾಗದಕ್ಕೆ ತೆಗೆಸಿ. ಹಿಂಬದಿಯಲ್ಲಿ ಹೆಸರುಗಳ ಜೊತೆ ಬಟ್ಟೆಯ ವಿಚಾರವನ್ನೂ ಬರೆಯಿರಿ: ಸೀರೆ ಯಾವ ಊರಿನದು, ಯಾವ ಬಣ್ಣದ್ದು, ಯಾರು ಕೊಡಿಸಿದ್ದು, ಕಾಂಚಳಿ ಹೊಲಿದವರು ಯಾರು, ಅಜ್ಜನ ಕೋಟು ಯಾವ ಮದುವೆಯದು. ಈಗಿನ ಫೋಟೊ ಕಾಗದದ ಬೆನ್ನು ನುಣುಪು, ಪೆನ್ಸಿಲ್ ಹಿಡಿಯುವುದಿಲ್ಲ. ಬಾಲ್ ಪೆನ್ ಒತ್ತಿದರೆ ಗೆರೆ ಮುಂದಕ್ಕೆ ಮೂಡುತ್ತದೆ. ಶಾಯಿ ಬೇಗ ಒಣಗುವ ಸಣ್ಣ ಮೊನೆಯ ಮಾರ್ಕರ್ ತನ್ನಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಕೆ ಹೇಳಿದ ಹಾಗೆಯೇ ಬರೆದುಕೊಳ್ಳಿ.