ಗೆಳೆಯರ ಕೈಗಡ: ನಗದು ಪಡೆದವನಿಗೇ ದಂಡ

ಬೆಂಗಳೂರು: ಗೆಳೆಯನಿಗೆ ಕೈಗಡ ಕೊಡುವಾಗ ನಮ್ಮಲ್ಲಿ ಯಾರೂ ಪತ್ರ ಕೇಳುವುದಿಲ್ಲ. ಕೇಳಿದರೆ ಅಪನಂಬಿಕೆ ತೋರಿದಂತಾದೀತೆಂಬ ಅಳುಕು. ಮಗಳ ಕಾಲೇಜು ಶುಲ್ಕಕ್ಕೋ ಅರ್ಧಕ್ಕೆ ನಿಂತ ಮನೆಗೋ ಬೀರುವಿನಲ್ಲಿದ್ದ ನೋಟಿನ ಕಟ್ಟು ಸದ್ದಿಲ್ಲದೆ ಕೈಯಿಂದ ಕೈಗೆ ಹೋಗುತ್ತದೆ. ಆದರೆ ಸುಪ್ರೀಂ ಕೋರ್ಟ್ 2025ರಲ್ಲಿ ನೀಡಿದ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ, ಈ ಸಲುಗೆಗೆ ತೆರಬೇಕಾದ ಬೆಲೆ ಸಣ್ಣದಲ್ಲವೆಂಬುದು ಮನವರಿಕೆಯಾಗುತ್ತದೆ.

ನಿಯಮ ಹೊಸದೇನಲ್ಲ. ಆದಾಯ ತೆರಿಗೆ ಕಾಯ್ದೆಗೆ 1984ರಲ್ಲಿ ಸೇರಿದ 269ಎಸ್‌ಎಸ್ ಕಲಮಿನ ಪ್ರಕಾರ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಅಕೌಂಟ್ ಪೇಯಿ ಚೆಕ್, ಡ್ರಾಫ್ಟ್, ನೆಫ್ಟ್, ಯುಪಿಐ ಮುಂತಾದ ಬ್ಯಾಂಕ್ ಮಾರ್ಗಗಳಿಗೆ ಮಾತ್ರ ಅವಕಾಶ. ಹತ್ತು ಸಾವಿರದಂತೆ ಎರಡು ಬಾರಿ ಪಡೆದು ಪಾರಾಗುವಂತೆಯೂ ಇಲ್ಲ. ತೀರದೆ ಉಳಿದ ಬಾಕಿಯೂ ಲೆಕ್ಕಕ್ಕೆ ಬರುತ್ತದೆ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ. ವಿಚಿತ್ರವೆಂದರೆ, ಈ ದಂಡ ಬೀಳುವುದು ಕೊಟ್ಟವನಿಗಲ್ಲ, ಕಷ್ಟದಲ್ಲಿದ್ದು ಪಡೆದವನಿಗೆ. ಅದೇ ಸಾಲವನ್ನು ನಗದಾಗಿ ತೀರಿಸಿದರೆ 269ಟಿ ಕಲಮಿನಡಿ ಆತನಿಗೇ ಮತ್ತೊಂದು ದಂಡ. ಮರಳಿ ಬಂದ ನಗದು 2 ಲಕ್ಷ ಮುಟ್ಟಿದರೆ ಸಾಲ ಕೊಟ್ಟವನೂ 269ಎಸ್‌ಟಿ ಕಲಮಿಗೆ ಸಿಕ್ಕಿಬೀಳುತ್ತಾನೆ. 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಿರುವ 2025ರ ಹೊಸ ಕಾಯ್ದೆಯು ಕಲಂಗಳ ಸಂಖ್ಯೆಯನ್ನು ಬದಲಿಸಿದೆಯೇ ಹೊರತು ನಿಷೇಧವನ್ನು ಕೈಬಿಟ್ಟಿಲ್ಲ.

ಸ್ನೇಹಿತರು, ಬಂಧುಗಳು ಎಂಬ ವಿನಾಯಿತಿ ಈ ಕಲಮಿನಲ್ಲಿ ಇಲ್ಲ. ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ಮಾತ್ರ ಬಿಡುಗಡೆ. ಹಳ್ಳಿಯ ರೈತ ಗೆಳೆಯನಿಂದ ನಗದು ತರುವ ನಗರದ ನೌಕರನಿಗೆ ಇದು ಅನ್ವಯಿಸದು. ಆಸ್ಪತ್ರೆಯ ತುರ್ತಿನಂತಹ ಸಮಂಜಸ ಕಾರಣವನ್ನು ರುಜುವಾತುಪಡಿಸಿದರೆ ದಂಡ ತಪ್ಪಬಹುದು, ಆದರೆ ಅದನ್ನು ರುಜುವಾತುಪಡಿಸುವ ಹೊಣೆ ಸಾಲ ಪಡೆದವನದೇ.

ಇನ್ನು ತೀರ್ಪುಗಳು. ಬೆಂಗಳೂರಿನ ಆಸ್ತಿಯೊಂದಕ್ಕೆ 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆಂಬ ವಾದವಿದ್ದ ಪ್ರಕರಣದಲ್ಲಿ, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ನಿರ್ದೇಶನ ನೀಡಿತು. ಯಾವುದೇ ದಾವೆಯಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಾವತಿಯ ಮಾತು ಬಂದರೆ ನ್ಯಾಯಾಲಯವೇ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂಬುದು ಅದರ ಸಾರ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಗೋವಾದಿಂದ ಬಂದ ಚೆಕ್ ಬೌನ್ಸ್ ಪ್ರಕರಣವೊಂದರಲ್ಲಿ, 269ಎಸ್‌ಎಸ್ ಉಲ್ಲಂಘನೆಯಾದ ಮಾತ್ರಕ್ಕೆ ಸಾಲ ಅಸಿಂಧುವಾಗದು ಎಂದು ಅದೇ ನ್ಯಾಯಾಲಯ ಹೇಳಿತು. ಇದಕ್ಕೆ ವ್ಯತಿರಿಕ್ತವಾಗಿದ್ದ ಕೇರಳ ಹೈಕೋರ್ಟಿನ ನಿಲುವು ಇದರಿಂದ ಬಿದ್ದುಹೋಯಿತು.

ಅಂದರೆ ನಗದಾಗಿ ಕೊಟ್ಟವನು ಹಣವನ್ನು ಕಾನೂನಿನ ಮೂಲಕ ಕೇಳಬಹುದು. ಆದರೆ ದಾವೆ ಹೂಡಿದ ದಿನವೇ ಗೆಳೆಯನ ಹೆಸರಿನ ಜೊತೆಗೆ ತನ್ನ ಹೆಸರೂ ಇಲಾಖೆಗೆ ಹೋಗುತ್ತದೆ. ಆಗ ಮೊದಲ ಪ್ರಶ್ನೆ: ನಿಮ್ಮ ಬಳಿ ಅಷ್ಟು ನಗದು ಎಲ್ಲಿಂದ ಬಂತು? ಪಡೆದವನ ಪಾಡೂ ಸುಖವಲ್ಲ. ಬ್ಯಾಂಕಿಗೆ ಜಮೆಯಾದ ಹಣ ಸಾಲವೆಂದು ತೋರಿಸಲು ಏನೂ ಇಲ್ಲದಿದ್ದರೆ ಅದು ಲೆಕ್ಕಕ್ಕೆ ಸಿಗದ ಆದಾಯವಾಗಬಹುದು. 50 ಸಾವಿರ ಮೀರಿದ ಉಡುಗೊರೆ ಎಂದು ಬಗೆದರೂ ತೆರಿಗೆ ತಪ್ಪದು, ಏಕೆಂದರೆ ಕಾಯ್ದೆಯ ಬಂಧುಗಳ ಪಟ್ಟಿಯಲ್ಲಿ ಸ್ನೇಹಿತನಿಗೆ ಜಾಗವಿಲ್ಲ.

ಅಸಲು ಯಾರಿಗೂ ಆದಾಯವಲ್ಲ. ಬಡ್ಡಿ ಪಡೆದರೆ ಕೊಟ್ಟವನು ಅದನ್ನು ಇತರ ಮೂಲಗಳ ಆದಾಯವೆಂದು ತೋರಿಸಬೇಕು. ಗೆಳೆಯ ಕೈಯೆತ್ತಿದರೆ ಆ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಅವಕಾಶವಿಲ್ಲ. ಮರುಪಾವತಿಗೆ ದಿನ ಗೊತ್ತು ಮಾಡದ ಕೈಗಡಕ್ಕೆ ದಾವೆ ಹೂಡುವ ಅವಧಿ, ಮಧ್ಯೆ ಲಿಖಿತ ಒಪ್ಪಿಗೆ ಇಲ್ಲವೇ ಭಾಗಶಃ ಪಾವತಿ ಇಲ್ಲದಿದ್ದರೆ, ಹಣ ಕೊಟ್ಟ ದಿನದಿಂದ 3 ವರ್ಷ ಮಾತ್ರ. ದಾಕ್ಷಿಣ್ಯಕ್ಕೆ ಸುಮ್ಮನಿದ್ದವರ ಮೂರು ವರ್ಷ ಬೇಗನೆ ಕಳೆದುಹೋಗುತ್ತದೆ.