ಎರಡು ಗೆರೆಗಳಿಂದಾದ ಅನರ್ಥ

ಗಣಕಯಂತ್ರಗಳಲ್ಲಿ ಸಂಗ್ರಹವಾಗಿರುವ ಮಾಹಿತಿಯ ರಕ್ಷಣೆಯ ಮಾತು ಬಂದಾಗಲೆಲ್ಲ ನಮ್ಮ ಲಕ್ಷ್ಯವು ಪಾಸ್‌ವರ್ಡಿನ ಬಲಾಬಲದ ಕಡೆಗೋ ಡೇಟಾಬೇಸಿನ ಭದ್ರತೆಯ ಕಡೆಗೋ ಹರಿಯುವುದೇ ಹೊರತು, ಬಳಕೆಯ ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವೆ ನಿಂತು ಪ್ರಶ್ನೆಯನ್ನು ಒಳಗೊಯ್ದು ಉತ್ತರವನ್ನು ಹೊರತರುವ ಡ್ರೈವರ್ ಎಂಬ ಸಂಪರ್ಕ ತಂತ್ರಾಂಶದ ಕಡೆಗೆ ಹರಿಯುವುದು ವಿರಳ. ಜಾವಾ ಭಾಷೆಯ ತಂತ್ರಾಂಶಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸುವ ಡ್ರೈವರಿನಲ್ಲಿ 2024ರ ಫೆಬ್ರವರಿಯಲ್ಲಿ ಬಯಲಾದ, ಸಿವಿಇ-2024-1597 ಎಂದು ದಾಖಲಾಗಿರುವ ದೋಷವು, ಈ ಅಲಕ್ಷ್ಯವು ಎಷ್ಟು ಅಪಾಯಕಾರಿ ಎಂಬುದಕ್ಕೆ ನಿದರ್ಶನವಾಗಿದೆ.

ಹೊರಗಿನವರು ಕೊಟ್ಟ ಮೌಲ್ಯವನ್ನು ಡೇಟಾಬೇಸಿಗೆ ನೀಡುವ ಎಸ್‌ಕ್ಯುಎಲ್ ಆಜ್ಞೆಯೊಳಗೆ ನೇರವಾಗಿ ಬೆರೆಸದೆ, ಆ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಮೌಲ್ಯವನ್ನು ಪ್ರತ್ಯೇಕವಾಗಿ ಒಪ್ಪಿಸಬೇಕೆಂಬುದು ಪ್ರೋಗ್ರಾಮರುಗಳಿಗೆ ಬಹುಕಾಲದಿಂದ ಬೋಧಿಸಲಾಗುತ್ತಿರುವ ನಿಯಮ. ಸಾಮಾನ್ಯವಾಗಿ ಈ ಡ್ರೈವರು ಎರಡನ್ನೂ ಬೇರೆಬೇರೆಯಾಗಿಯೇ ಕಳುಹಿಸುವುದು. ಆದರೆ ‘ಸಿಂಪಲ್’ ಎಂಬ ವಿಧಾನವನ್ನು ಆರಿಸಿಕೊಂಡಲ್ಲಿ ತಾನೇ ಮೌಲ್ಯಗಳನ್ನು ಆಜ್ಞೆಯ ಪಠ್ಯದೊಳಗೆ ತುಂಬುವುದು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಹಿಂದೆಯೇ ಋಣಚಿಹ್ನೆಯೊಂದಿದ್ದು, ಬಂದ ಮೌಲ್ಯವೂ ಋಣಸಂಖ್ಯೆಯೇ ಆಗಿದ್ದರೆ, ಎರಡು ಗೆರೆಗಳು ಒಂದಕ್ಕೊಂದು ತಾಗಿ ನಿಲ್ಲುವುವು. ಎಸ್‌ಕ್ಯುಎಲ್‌ನಲ್ಲಿ ಇಂತಹ ಜೋಡಿಗೆರೆ ಬಂದರೆ ಅಲ್ಲಿಂದ ಸಾಲಿನ ಕೊನೆಯವರೆಗಿನದೆಲ್ಲ ಬರಿಯ ಟಿಪ್ಪಣಿ. ಅದೇ ಸಾಲಿನಲ್ಲಿ ಮುಂದೆ ಬರುವ ಪಠ್ಯರೂಪದ ಮೌಲ್ಯದ ಆರಂಭದ ಉದ್ಧರಣ ಚಿಹ್ನೆಯೂ ಆ ಟಿಪ್ಪಣಿಯಲ್ಲಿ ಲೀನವಾಗುವುದರಿಂದ, ದುರುದ್ದೇಶದವನು ಆ ಮೌಲ್ಯದ ನಡುವೆ ಸಾಲು ಮುರಿದು ಬರೆದದ್ದು ಡೇಟಾಬೇಸು ಶಿರಸಾವಹಿಸುವ ಆಜ್ಞೆಯಾಗಿ ಪರಿಣಮಿಸುವುದು. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಪ್ರೋಗ್ರಾಮರನೂ ಇಲ್ಲಿ ಮೋಸಹೋಗುವನು.

ಇಷ್ಟೆಲ್ಲ ನಿಬಂಧನೆಗಳು ಒಟ್ಟಿಗೆ ಕೂಡಿಬರುವುದು ಅಪರೂಪವೆಂದೂ, ‘ಸಿಂಪಲ್’ ವಿಧಾನವು ತಾನಾಗಿ ಜಾರಿಯಲ್ಲಿರುವುದಲ್ಲವೆಂದೂ ಕೆಲವರು ಸಮಾಧಾನ ಹೇಳಬಹುದು. ಮಾತು ದಿಟ, ಆದರೆ ತನ್ನ ವ್ಯವಸ್ಥೆಯಲ್ಲಿ ಯಾವ ವಿಧಾನ, ಯಾವ ಆವೃತ್ತಿ ಬಳಕೆಯಲ್ಲಿದೆಯೆಂದು ಕೇಳಿದೊಡನೆ ಉತ್ತರಿಸಬಲ್ಲ ಸಂಸ್ಥೆಗೆ ಮಾತ್ರ ಆ ಸಮಾಧಾನ ಸಲ್ಲುವುದು. ಡ್ರೈವರಿನ ನಿರ್ಮಾಪಕರು 42.7.2ನೆಯ ಆವೃತ್ತಿಯಲ್ಲಿ ದೋಷವನ್ನು ನಿವಾರಿಸಿದುದಲ್ಲದೆ ಹಿಂದಿನ ಹಲವು ಸರಣಿಗಳಿಗೂ ಪರಿಹಾರವನ್ನು ಒದಗಿಸಿದರು. ಅವರ ಕರ್ತವ್ಯ ಅಲ್ಲಿಗೆ ಮುಗಿಯಿತು. ಪರಿಹಾರವನ್ನು ಅಳವಡಿಸಿಕೊಳ್ಳುವ ಹೊಣೆ ಬಳಸುವವರದು. ಒಮ್ಮೆ ಜೋಡಿಸಿದ ಡ್ರೈವರನ್ನು, ಕೆಲಸ ನಡೆಯುತ್ತಿದೆಯೆಂಬ ಒಂದೇ ಕಾರಣಕ್ಕೆ, ವರ್ಷಾನುಗಟ್ಟಲೆ ಮುಟ್ಟದೆ ಬಿಡುವ ಪರಿಪಾಠವನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು.

ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ನಮ್ಮ ದೇಶದ 2023ರ ಕಾಯಿದೆಯಲ್ಲಿ ಅವಕಾಶವುಂಟು. ದಂಡದ ಭಯಕ್ಕಾಗಿಯಲ್ಲದಿದ್ದರೂ ಜನರಿಟ್ಟ ವಿಶ್ವಾಸಕ್ಕಾಗಿಯಾದರೂ, ನಾಗರಿಕರ ಮಾಹಿತಿಯನ್ನು ಕಾಯುವ ಪ್ರತಿಯೊಂದು ಕಚೇರಿ, ಬ್ಯಾಂಕು ಹಾಗೂ ಆಸ್ಪತ್ರೆಯು ತಾನು ಬಳಸುವ ತಂತ್ರಾಂಶಗಳ ಆವೃತ್ತಿಸಹಿತವಾದ ಪಟ್ಟಿಯನ್ನು ಸಿದ್ಧಪಡಿಸಿ, ಅದರ ಪರಿಶೀಲನೆಗೆ ಹೊಣೆಗಾರನೊಬ್ಬನನ್ನು ಈಗಲೇ ನೇಮಿಸತಕ್ಕದ್ದು.