ಅಭಿಮಾನವೂ ಪಕ್ಷಪಾತವೂ

ತಿತಿಮತಿಯಿಂದ ಮಡಿಕೇರಿಯವರೆಗೆ ಕೊಡಗಿನ ಯಾವ ಊರಿಗೆ ಹೋದರೂ ಬೇಸಗೆಯಲ್ಲಿ ಹಾಕಿಯ ಮಾತೇ ಮಾತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಮನೆತನಗಳನ್ನು ಕೂಡಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯು 2024ರಲ್ಲಿ ನಾಪೋಕ್ಲಿನಲ್ಲಿ ಜರುಗಿದಾಗ 360 ಮನೆತನಗಳು ಅದರಲ್ಲಿ ಭಾಗವಹಿಸಿದುವು. ಮೈದಾನದ ಅಂಚಿನಲ್ಲಿ ಕುಳಿತವನು ತನ್ನ ಒಕ್ಕದ ತಂಡವೇ ಗೆಲ್ಲಲೆಂದು ಕೂಗುವುದು ಸಹಜವಾದುದು. ಅವನು ನೆಂಟನೆಂಬುದು ನೆರೆದವರಿಗೆಲ್ಲ ತಿಳಿದಿದೆ, ಅವನಿಗೂ ತಿಳಿದಿದೆ. ಹೆತ್ತವರಿಗೆ ಹೆಗ್ಗಣ ಮುದ್ದೆಂದು ನಕ್ಕು ಸುಮ್ಮನಾಗುತ್ತೇವೆ.

ಆದರೆ ರಕ್ತಸಂಬಂಧವಿಲ್ಲದ, ಎಂದೂ ಮುಖಾಮುಖಿ ಕಾಣದ ಪ್ರಸಿದ್ಧ ಆಟಗಾರನೊಬ್ಬನಲ್ಲಿ ಹುಟ್ಟುವ ಮೋಹವು ಇಷ್ಟು ನಿರಪಾಯವಾದುದಲ್ಲ. ಒಕ್ಕದವನು ತಾನು ಪಕ್ಷದವನೆಂದು ಒಪ್ಪುತ್ತಾನೆ. ಅಭಿಮಾನಿಯಾದರೋ ತಾನು ಕೇವಲ ಗುಣವನ್ನು ಮೆಚ್ಚುವ ನ್ಯಾಯಾಧಿಪತಿಯೆಂದು ನಂಬಿರುತ್ತಾನೆ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 2004ರ ಮಾರ್ಚಿಯಲ್ಲಿ ಮುಲ್ತಾನಿನಲ್ಲಿ ಪಾಕಿಸ್ತಾನದ ಮೇಲೆ ನಡೆದ ಕ್ರಿಕೆಟ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರರು 194 ರನ್ನು ಗಳಿಸಿ ಔಟಾಗದೆ ಆಡುತ್ತಿದ್ದಾಗ, ಅಂದು ನಾಯಕತ್ವವನ್ನು ವಹಿಸಿದ್ದ ನಮ್ಮ ರಾಹುಲ್ ದ್ರಾವಿಡರು ಇನಿಂಗ್ಸನ್ನು ಮುಕ್ತಾಯಗೊಳಿಸಿದರು. ಭಾರತವು ಒಂದು ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ಆದರೂ ಒಬ್ಬರ ಅಭಿಮಾನಿಗಳಿಗೆ ಅದು ಅನ್ಯಾಯವಾಗಿ ಕಂಡಿತು. ಮತ್ತೊಬ್ಬರ ಅಭಿಮಾನಿಗಳಿಗೆ ತಂಡದ ಹಿತವನ್ನೇ ನೋಡಿದ ಧೈರ್ಯವಾಗಿ ಕಂಡಿತು. ಇಬ್ಬರ ಸ್ಥಾನಗಳು ಅದಲುಬದಲಾಗಿದ್ದರೆ ಈ ತೀರ್ಪುಗಳೂ ಅದಲುಬದಲಾಗುತ್ತಿದ್ದುವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ವಾದವೂ ಇದೇ ಬಗೆಯದು. ಮೈಕೇಲ್ ಜೋರ್ಡನ್ನರ ಪಕ್ಷದವರು ಅವರ 6 ಚಾಂಪಿಯನ್ ಪದವಿಗಳನ್ನು ಎಣಿಸುತ್ತಾರೆ. ಲೆಬ್ರಾನ್ ಜೇಮ್ಸರ ಪಕ್ಷದವರು 2023ರಲ್ಲಿ ಅವರು ಮುರಿದ ಒಟ್ಟು ಅಂಕಗಳ ದಾಖಲೆಯನ್ನು ಮುಂದಿಡುತ್ತಾರೆ. ಮೊದಲು ಮನುಷ್ಯನನ್ನು ಆರಿಸಿ, ಆಮೇಲೆ ಅವನಿಗೆ ಸರಿಹೊಂದುವ ಅಳತೆಗೋಲನ್ನು ಹುಡುಕುವುದೇ ಇಲ್ಲಿಯ ಕ್ರಮ.

ದೋಷವು ವಾದದಲ್ಲಿ ಮಾತ್ರವಿಲ್ಲ, ದೃಷ್ಟಿಯಲ್ಲಿಯೇ ಇದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ನಡೆದ ಒರಟು ಫುಟ್‌ಬಾಲ್ ಪಂದ್ಯದಲ್ಲಿ ಪ್ರಿನ್ಸ್‌ಟನ್ನಿನವರ ಕಣ್ಮಣಿಯಾಗಿದ್ದ ಡಿಕ್ ಕಾಜ್‌ಮಾಯರರ ಮೂಗು ಮುರಿಯಿತು. ಡಾರ್ಟ್‌ಮತ್ತಿನ ಆಟಗಾರನೊಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಒಂದೇ ಚಿತ್ರವನ್ನು ಎರಡು ಕಾಲೇಜುಗಳ ವಿದ್ಯಾರ್ಥಿಗಳಿಗೂ ತೋರಿಸಿ, ನಿಯಮಭಂಗಗಳನ್ನು ಗುರುತಿಸಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದುವೆಂದು ಅವರ ಕಾಲೇಜಿನವರೇ ಕಂಡ ತಪ್ಪುಗಳಿಗಿಂತ ಎರಡು ಪಾಲಿಗೂ ಹೆಚ್ಚು ತಪ್ಪುಗಳು ಪ್ರಿನ್ಸ್‌ಟನ್ನಿನವರ ಕಣ್ಣಿಗೆ ಬಿದ್ದುವೆಂದು 1954ರಲ್ಲಿ ಪ್ರಕಟವಾಯಿತು. ಯಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಒಬ್ಬೊಬ್ಬರೂ ಕಂಡುದನ್ನೇ ಬರೆದರು.

ಆಟದ ಮಾತಿಗೆ ಇಷ್ಟು ಗಂಭೀರವಾದ ವಿಚಾರಣೆಯೇಕೆಂದು ವಾಚಕರು ಕೇಳಬಹುದು. ಇದರ ನಷ್ಟವನ್ನು ಭರಿಸುವವರು ಬೇರೆಯವರಾದುದರಿಂದಲೇ ಕೇಳಬೇಕಾಗಿದೆ. ನಿಯಮದಂತೆ ಶೀಟಿ ಊದಿದ ಅಂಪೈರು ಬೈಗುಳನ್ನು ತಿನ್ನುತ್ತಾನೆ. ಹೆಸರಾಂತವನ ಸ್ಥಾನಕ್ಕೆ ಬಂದ ಹುಡುಗನು ಒಂದು ಚೆಂಡನ್ನು ತಪ್ಪಿಸಿಕೊಂಡರೆ ಅಯೋಗ್ಯನೆನಿಸುತ್ತಾನೆ; ಅದೇ ತಪ್ಪು ಹೆಸರಾಂತವನಿಂದಾದರೆ ದುರದೃಷ್ಟವೆನಿಸುತ್ತದೆ. ಗೋಲು ಹೊಡೆದವನ ಜಯಘೋಷದಲ್ಲಿ ಗೋಲನ್ನು ತಡೆದವನು ಮರೆಯಾಗುತ್ತಾನೆ. ತಂಡಗಳನ್ನು ಆರಿಸುವವರೂ, ಕಚೇರಿಗಳಲ್ಲಿ ಕೈಕೆಳಗಿನವರ ಗುಣದೋಷಗಳನ್ನು ಬರೆಯುವ ಅಧಿಕಾರಿಗಳೂ ಇದೇ ಕಣ್ಣುಗಳುಳ್ಳ ಮನುಷ್ಯರೆಂಬುದನ್ನು ನೆನೆದರೆ, ವಿಷಯವು ಮೈದಾನದ ಬೇಲಿಯನ್ನು ದಾಟುತ್ತದೆ.

ಅಭಿಮಾನವನ್ನು ಬಿಡಿರೆಂದು ನಾವು ಹೇಳುವುದಿಲ್ಲ; ಅದಿಲ್ಲದೆ ಆಟಕ್ಕೆ ಕಳೆಯಿಲ್ಲ. ನಮ್ಮ ಸೂಚನೆಯು ಇಷ್ಟೆ: ಮೆಚ್ಚಿನವನ ತಪ್ಪನ್ನು ಮನ್ನಿಸುವ ಮುನ್ನ, ಅದೇ ತಪ್ಪು ಎದುರಾಳಿಯದಾಗಿದ್ದರೆ ಏನೆನ್ನುತ್ತಿದ್ದೆವೆಂದು ಒಂದು ಕ್ಷಣ ಯೋಚಿಸತಕ್ಕದ್ದು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯನವರಂತಹ ಆಟಗಾರರನ್ನು ದೇಶಕ್ಕೆ ಕೊಟ್ಟ ಕೊಡಗು, ಎದುರು ಪಕ್ಷದ ಒಳ್ಳೆಯ ಹೊಡೆತಕ್ಕೂ ಚಪ್ಪಾಳೆ ತಟ್ಟುವ ಪ್ರೇಕ್ಷಕರನ್ನೂ ಕೊಡಬೇಕು.